ವಿಳಾಸ ಹೇಳಿದರೆ ಸಾಲದು, ಜೊತೆಗೆ ಹೋಗಬೇಕು

ನಮ್ಮ ಸಂಘದ ಸಭೆಗಳಲ್ಲಿ ಒಬ್ಬ ಹೆಣ್ಣುಮಗಳು ಧೈರ್ಯ ಮಾಡಿ ‘ಮನೇಲಿ ಹೊಡೀತಾರೆ, ತವರಿಂದ ಇನ್ನೂ ದುಡ್ಡು ತಾ ಅಂತಾರೆ’ ಎಂದು ಬಾಯಿಬಿಟ್ಟರೆ ನಾವು ಕೊಡುವ ಉತ್ತರ ಸಿದ್ಧವಾಗಿರುತ್ತದೆ. ‘ಠಾಣೆಗೆ ಹೋಗಿ ಒಂದು ಕಂಪ್ಲೇಂಟ್ ಕೊಡು’ ಎನ್ನುತ್ತೇವೆ. ಸ್ವಲ್ಪ ತಿಳಿದವರಾದರೆ ‘181ಕ್ಕೆ ಫೋನ್ ಮಾಡು’, ‘ಸಿ.ಡಿ.ಪಿ.ಓ. ಆಫೀಸಿಗೆ ಹೋಗು’ ಎಂದೂ ಸೇರಿಸುತ್ತೇವೆ. ಅಷ್ಟು ಹೇಳಿ, ನಮ್ಮ ಕರ್ತವ್ಯ ಮುಗಿಯಿತೆಂದು ಉಳಿತಾಯದ ಲೆಕ್ಕಕ್ಕೆ ತಿರುಗುತ್ತೇವೆ. ಅವಳು ಹೋದಳೇ? ಹೋದ ಮೇಲೆ ಏನಾಯಿತು? ಮುಂದಿನ ವಾರ ಯಾಕೆ ಸಭೆಗೆ ಬರಲಿಲ್ಲ? ಈ ಪ್ರಶ್ನೆಗಳನ್ನು ನಾವು ಕೇಳಿಕೊಳ್ಳುವುದಿಲ್ಲ. ಸಾಲದ ಕಂತು ತಪ್ಪಿದರೆ ಮಾತ್ರ ಹತ್ತು ಜನ ಸೇರಿ ಅವಳ ಬಾಗಿಲಿಗೆ ಹೋಗುತ್ತೇವೆ. ಮುಖ ಊದಿಸಿಕೊಂಡು ಸಭೆ ತಪ್ಪಿಸಿದವಳ ಬಾಗಿಲಿಗೆ ಹೋಗುವುದಿಲ್ಲ.

ಇದನ್ನು ಯಾರನ್ನೂ ದೂರುವುದಕ್ಕಾಗಿ ಬರೆಯುತ್ತಿಲ್ಲ. ಮಳವಳ್ಳಿ ತಾಲೂಕಿನ ಒಬ್ಬ ಹೆಣ್ಣುಮಗಳ ಅಲೆದಾಟ ಕಂಡ ಮೇಲೆ ಬರೆಯದೆ ಇರಲಾಗಲಿಲ್ಲ. ಊರು, ಹೆಸರು ಬೇಡ. ಅವಳನ್ನು ಮದ್ದೂರಿನ ಕಡೆಗೆ ಕೊಟ್ಟಿದ್ದರು. ಮದುವೆಯಲ್ಲಿ ಒಪ್ಪಿಕೊಂಡಿದ್ದ ಚಿನ್ನದಲ್ಲಿ ಒಂದು ಸರ ಬಾಕಿ ಉಳಿದಿತ್ತು. ಆ ಬಾಕಿಗಾಗಿ ಮೂರು ವರ್ಷ ಏಟು ತಿಂದಳು. ಒಂದು ದಿನ ಕೈ ಮುರಿಯಿತು. ಆಸ್ಪತ್ರೆಗೆ ಕರೆದುಕೊಂಡು ಹೋದವನು ಗಂಡನೇ. ಡಾಕ್ಟರು ಏನಾಯಿತು ಎಂದು ಕೇಳಿದಾಗಲೂ ಅವನು ಪಕ್ಕದಲ್ಲೇ ನಿಂತಿದ್ದ. ‘ಬಚ್ಚಲಲ್ಲಿ ಕಾಲು ಜಾರಿ ಬಿದ್ದೆ’ ಎಂದಳು. ಚೀಟಿಯಲ್ಲಿ ಹಾಗೆಯೇ ಬರೆದುಕೊಂಡರು.

ಕಟ್ಟು ಹಾಕಿದ ಕೈಯಲ್ಲೇ ತವರಿಗೆ ಬಂದಳು. ಊರಿನ ಸಂಘದವರು ಠಾಣೆಗೆ ಹೋಗು ಎಂದರು. ಹೋದಳು. ‘ಗಂಡನ ಮನೆ ಯಾವೂರಮ್ಮ? ಅಲ್ಲಿಗೆ ಹೋಗು, ಇದು ನಮಗೆ ಬರಲ್ಲ’ ಎಂದರು. ಅಲ್ಲಿಗೂ ಹೋದಳು. ‘ನಾಳೆ ನಿನ್ನ ಗಂಡನ್ನೂ ಕರ್ಕೊಂಡು ಬಾ, ಕೂರಿಸಿ ಮಾತಾಡಾನ’ ಎಂದರು. ಕಛೇರಿಯೊಂದರ ಮುಂದೆ ನಿಂತಿದ್ದವನೊಬ್ಬ ಅರ್ಜಿ ಬರೆಸಿಕೊಡುತ್ತೇನೆಂದು 500 ರೂಪಾಯಿ ಈಸಿಕೊಂಡ. ಬರೆಸಿಕೊಟ್ಟ ಮೇಲೆ ‘ಇದಕ್ಕೆಲ್ಲ ಮಂಡ್ಯಕ್ಕೇ ಹೋಗಬೇಕು’ ಎಂದು ಕೈ ಆಡಿಸಿದ. ಮೂರನೆಯ ದಿನ ಸಂಜೆ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಅವಳು ಗಂಡನ ಮನೆಯ ಬಸ್ಸನ್ನೇ ಹತ್ತಿದಳು. ‘ಅಲೆದೂ ಅಲೆದೂ ಸಾಕಾಯ್ತು ಕಣಕ್ಕ, ಇದಕ್ಕಿಂತ ಏಟೇ ವಾಸಿ’ ಎಂದಳು.

‘ಇದಕ್ಕಿಂತ ಏಟೇ ವಾಸಿ.’ ಒಬ್ಬ ಹೆಂಗಸಿನ ಬಾಯಿಂದ ಈ ಮಾತು ಬರುವಂತೆ ಮಾಡಿದವರು ಯಾರು? ಹೊಡೆದ ಗಂಡ ಒಬ್ಬನೇ ಅಲ್ಲ. ಬಾಗಿಲಿಂದ ಬಾಗಿಲಿಗೆ ಅಟ್ಟಿದವರೂ ಹೌದು. ಅಟ್ಟುವುದು ಗೊತ್ತಿದ್ದೂ ಒಬ್ಬಳನ್ನೇ ಕಳಿಸಿದ ನಾವೂ ಹೌದು.

ಬಾಗಿಲುಗಳು ಇವೆ, ದಾರಿ ಇಲ್ಲ

ನಮ್ಮ ಹಿರಿಯರ ಕಾಲದಂತೆ ಈಗ ಕಾನೂನೇ ಇಲ್ಲ ಎನ್ನುವ ಸ್ಥಿತಿ ಇಲ್ಲ. ವರದಕ್ಷಿಣೆ ನಿಷೇಧ ಕಾಯ್ದೆ ಬಂದದ್ದು 1961ರಲ್ಲಿ. ಗಂಡ ಮತ್ತು ಅವನ ಮನೆಯವರ ಕ್ರೌರ್ಯಕ್ಕೆ ಶಿಕ್ಷೆ ಕೊಡುವ 498ಎ ಕಲಮು 1983ರಲ್ಲಿ ಬಂತು, ವರದಕ್ಷಿಣೆ ಸಾವಿನ 304ಬಿ ಕಲಮು 1986ರಲ್ಲಿ ಬಂತು. ಸ್ಟೌ ಸಿಡಿದು ಸತ್ತಳು, ಸೀರೆಗೆ ಬೆಂಕಿ ತಗುಲಿ ಸತ್ತಳು ಎಂದು ಬರೆದು ಮುಚ್ಚಿಹಾಕುತ್ತಿದ್ದ ಕಾಲದಲ್ಲಿ ದೇಶದುದ್ದಕ್ಕೂ ಹೆಂಗಸರು ಬೀದಿಗಿಳಿದು ಹೋರಾಡಿದ್ದರಿಂದ ಬಂದ ಕಲಮುಗಳು ಅವು. ನಮ್ಮ ರಾಜ್ಯದಲ್ಲಿಯೂ 1979ರಲ್ಲಿ ಹುಟ್ಟಿದ ಬೆಂಗಳೂರಿನ ‘ವಿಮೋಚನಾ’ದಂಥ ಸಂಘಟನೆಗಳು ಇಂಥ ಸಾವುಗಳ ಬೆನ್ನುಹತ್ತಿ ನ್ಯಾಯ ಕೇಳಿದವು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದು ಕಲಮುಗಳ ಸಂಖ್ಯೆ ಬದಲಾಗಿದೆ. ಕ್ರೌರ್ಯಕ್ಕೆ 85 ಮತ್ತು 86, ವರದಕ್ಷಿಣೆ ಸಾವಿಗೆ 80. ಅಂಕೆ ಬದಲಾದರೂ ಅಪರಾಧ ಅದೇ.

ಇವುಗಳ ಜೊತೆಗೆ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ 2005ರಲ್ಲಿ ಆಗಿ, 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಗಂಡನನ್ನು ಜೈಲಿಗೆ ಹಾಕಿಸದೆಯೂ ಹೊಡೆತ ನಿಲ್ಲಿಸಲು, ಮನೆಯಿಂದ ಹೊರಗೆ ಹಾಕದಂತೆ ತಡೆಯಲು, ಜೀವನಕ್ಕೆ ಹಣ ಕೇಳಲು, ಮಕ್ಕಳನ್ನು ತನ್ನ ಬಳಿ ಇಟ್ಟುಕೊಳ್ಳಲು ಈ ಕಾಯ್ದೆಯಲ್ಲಿ ದಾರಿ ಇದೆ. ಕರ್ನಾಟಕದಲ್ಲಿ ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಅಂದರೆ ನಮ್ಮ ಸಿ.ಡಿ.ಪಿ.ಓ., ಈ ಕಾಯ್ದೆಯ ಸಂರಕ್ಷಣಾಧಿಕಾರಿಯೂ ಹೌದು. ಅಂಗನವಾಡಿಯ ಆಹಾರದ ಲೆಕ್ಕ ನೋಡುವ ಆ ಕಛೇರಿಯಲ್ಲೇ ನಮ್ಮ ರಕ್ಷಣೆಯ ಜವಾಬ್ದಾರಿಯೂ ಇದೆ ಎಂಬುದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಕೇಂದ್ರದ ಯೋಜನೆಯಂತೆ 2015ರಿಂದ ಜಿಲ್ಲೆಗಳಲ್ಲಿ ‘ಸಖಿ’ ಕೇಂದ್ರಗಳು ಬಂದಿವೆ. ಚಿಕಿತ್ಸೆ, ಪೊಲೀಸ್ ನೆರವು, ವಕೀಲರ ಸಲಹೆ, ಸಮಾಲೋಚನೆ, ಐದು ದಿನದವರೆಗೆ ತಂಗುವ ಜಾಗ, ಇಷ್ಟೂ ಒಂದೇ ಕಡೆ ಸಿಗಬೇಕೆಂಬುದು ಅದರ ಉದ್ದೇಶ. ಕಾನೂನು ಸೇವಾ ಪ್ರಾಧಿಕಾರದ ಕಾಯ್ದೆಯಲ್ಲಿ ಹೆಂಗಸಾದವಳಿಗೆ, ಅವಳ ವರಮಾನ ಎಷ್ಟೇ ಇರಲಿ, ಉಚಿತವಾಗಿ ವಕೀಲರನ್ನು ಕೊಡಬೇಕು. ಮಂಡ್ಯದಲ್ಲಿ ಜಿಲ್ಲಾ ಪ್ರಾಧಿಕಾರ ಇದ್ದರೆ, ಮದ್ದೂರು ಮಳವಳ್ಳಿಯ ನ್ಯಾಯಾಲಯಗಳಲ್ಲಿ ತಾಲೂಕು ಸಮಿತಿ ಇದೆ. 2023ರ ಜೂನ್ 11ರಿಂದ ಸರ್ಕಾರಿ ಬಸ್ಸಿನಲ್ಲಿ ನಮಗೆ ಟಿಕೆಟ್ಟೂ ಇಲ್ಲ. ಮಳವಳ್ಳಿಯಿಂದ ಕೆ.ಎಂ. ದೊಡ್ಡಿ ಮೇಲೆ ಮದ್ದೂರಿಗೋ ಮಂಡ್ಯಕ್ಕೋ ಕಾಸಿಲ್ಲದೆ ಹೋಗಿ ಬರಬಹುದು.

ಹಾಗಾದರೆ ಕಾನೂನು ಇದೆ, ಕಛೇರಿ ಇದೆ, ಬಸ್ಸೂ ಇದೆ. ಇಲ್ಲದಿರುವುದು ಏನು? ಒಂದು ಬಾಗಿಲಿಂದ ಇನ್ನೊಂದು ಬಾಗಿಲಿಗೆ ಅವಳ ಜೊತೆ ನಡೆಯುವ ಒಂದು ಜೀವ ಇಲ್ಲ.

ಕೆಟ್ಟ ಬಾಗಿಲಿಗೆ ಜೊತೆಗಾರರು ಸಿಗುತ್ತಾರೆ

2023ರ ನವೆಂಬರಿನಲ್ಲಿ ಮಂಡ್ಯ ತಾಲೂಕಿನ ಆಲೆಮನೆಯೊಂದರ ಸುದ್ದಿ ರಾಜ್ಯವನ್ನೆಲ್ಲ ಬೆಚ್ಚಿಬೀಳಿಸಿತು. ಕಬ್ಬು ಅರೆದು ಬೆಲ್ಲ ಮಾಡುವ ಜಾಗದಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡು, ಹೊಟ್ಟೆಯಲ್ಲಿರುವುದು ಹೆಣ್ಣೋ ಗಂಡೋ ಎಂದು ನೋಡಿ ಹೇಳುತ್ತಿದ್ದುದನ್ನು ಬೆಂಗಳೂರಿನ ಪೊಲೀಸರು ಬಯಲಿಗೆಳೆದರು. ಹೆಣ್ಣು ಬೇಡ ಎನ್ನುವುದರ ಬೇರು ವರದಕ್ಷಿಣೆಯಲ್ಲಿದೆ ಎಂದು ಈ ಪತ್ರಿಕೆಯ ಓದುಗರಿಗೆ ಹೇಳಬೇಕಾಗಿಲ್ಲ. ನಾನು ಹೇಳಹೊರಟಿರುವುದು ಬೇರೆ ಮಾತು. ಆ ಗರ್ಭಿಣಿಯರು ತಾವಾಗಿಯೇ ದಾರಿ ಹುಡುಕಿಕೊಂಡು ಆಲೆಮನೆಗೆ ಹೋದವರಲ್ಲ. ಏಜೆಂಟರು ಇದ್ದರು. ಮನೆಯವರನ್ನು ಮಾತಾಡಿಸಿ, ದಿನ ಗೊತ್ತುಮಾಡಿ, ಕಾರಿನಲ್ಲಿ ಕೂರಿಸಿ ಕರೆದುಕೊಂಡು ಹೋಗುತ್ತಿದ್ದರು.

ಯೋಚಿಸಿ ನೋಡಿ ಅಕ್ಕಂದಿರೇ. ಹೆಣ್ಣುಕೂಸನ್ನು ಕಳೆದುಕೊಳ್ಳುವ ಬಾಗಿಲಿಗೆ ಮನೆಯಿಂದಲೇ ಜೊತೆ ಸಿಗುತ್ತದೆ. ಮದುವೆಗೆ ಸಾಲ ಕೊಡಿಸುವವನು ಮನೆಗೇ ಬರುತ್ತಾನೆ. ಗಂಡು ತೋರಿಸಿ, ಚಿನ್ನ ಎಷ್ಟು ಕಾರು ಯಾವುದು ಎಂದು ಮಾತಾಡಿಸುವ ಮದುವೆ ದಲ್ಲಾಳಿಯೂ ಮನೆಗೇ ಬರುತ್ತಾನೆ. ಏಟು ತಿಂದವಳು ಠಾಣೆಗೆ ಹೋಗಬೇಕಾದಾಗ ಮಾತ್ರ ಅವಳು ಒಂಟಿ. ಅವಳು ಒಂಟಿ ಎಂದು ಗೊತ್ತಿರುವುದರಿಂದಲೇ ಕಛೇರಿಯ ಮುಂದೆ 500 ರೂಪಾಯಿ ಈಸಿಕೊಳ್ಳುವವನು ನಿಂತಿರುತ್ತಾನೆ. ನಾವು ನಿಲ್ಲದ ಜಾಗದಲ್ಲಿ ದಲ್ಲಾಳಿ ನಿಂತಿದ್ದಾನೆ.

ಆದ್ದರಿಂದ ಪ್ರತಿ ಸಂಘದಲ್ಲೂ ಇಬ್ಬರು ಜೊತೆಗಾತಿಯರು ಇರಲೇಬೇಕು ಎಂಬುದು ನನ್ನ ವಾದ. ಅವರು ವಕೀಲರಾಗಬೇಕಾಗಿಲ್ಲ, ಹೆಚ್ಚು ಓದಿರಬೇಕಾಗಿಲ್ಲ. ಯಾವ ಬಾಗಿಲಲ್ಲಿ ಏನು ಕೇಳಬೇಕು, ಏನನ್ನು ಕೈಗೆ ಪಡೆಯದೆ ಅಲ್ಲಿಂದ ಏಳಬಾರದು ಎಂದು ತಿಳಿದಿದ್ದರೆ ಸಾಕು.

ಮೂರು ಬಾಗಿಲು, ಮೂರು ಕಾಗದ

ಮೊದಲನೆಯದು ಆಸ್ಪತ್ರೆ. ಜೊತೆಗಾತಿ ಅಲ್ಲಿ ಮಾಡಬೇಕಾದ ದೊಡ್ಡ ಕೆಲಸವೆಂದರೆ ಗಂಡನಾಗಲಿ ಅತ್ತೆಯಾಗಲಿ ಪಕ್ಕದಲ್ಲಿ ಇಲ್ಲದಂತೆ ಆಕೆ ಡಾಕ್ಟರ ಜೊತೆ ಒಬ್ಬಳೇ ಮಾತಾಡಲು ಅವಕಾಶ ಕೇಳುವುದು. ಹೊಡೆತದಿಂದ ಆದ ಗಾಯ ಎಂದು ಹೇಳಿದರೆ ಎಂ.ಎಲ್.ಸಿ. ಎಂದು ಬರೆದುಕೊಳ್ಳುತ್ತಾರೆ. ಯಾರು ಹೊಡೆದರು, ಯಾವುದರಿಂದ, ಯಾವ ದಿನ ಎಂಬುದು ಅದರಲ್ಲಿ ಬರಬೇಕು. ಚಿಕಿತ್ಸೆಯ ಚೀಟಿ, ಎಕ್ಸ್‌ರೇ ಜೋಪಾನ ಮಾಡಬೇಕು. ಮೊದಲು ಭಯದಿಂದ ‘ಬಿದ್ದೆ’ ಎಂದು ಬರೆಸಿದ್ದರೂ ಎಲ್ಲ ಮುಗಿಯಿತು ಎಂದಲ್ಲ. ಯಾಕೆ ಹಾಗೆ ಹೇಳಬೇಕಾಯಿತು ಎಂಬುದನ್ನು ದೂರಿನಲ್ಲಿ ಬರೆಯಬಹುದು.

ಎರಡನೆಯದು ಪೊಲೀಸ್ ಠಾಣೆ. ‘ಇದು ನಮಗೆ ಬರಲ್ಲ’ ಎಂಬ ಮಾತಿಗೆ ಈಗ ಕಾನೂನಿನಲ್ಲಿ ಜಾಗವಿಲ್ಲ. ಗಂಡನ ಮನೆಯಿಂದ ಹೊರಬಿದ್ದು ತವರಲ್ಲಿ ಆಶ್ರಯ ಪಡೆದವಳು ತವರಿನ ಕಡೆಯಲ್ಲೇ ದೂರು ಕೊಡಬಹುದು ಎಂದು ಸುಪ್ರೀಂ ಕೋರ್ಟು ರೂಪಾಲಿ ದೇವಿ ಪ್ರಕರಣದಲ್ಲಿ 2019ರ ಏಪ್ರಿಲ್‌ನಲ್ಲೇ ಹೇಳಿದೆ. 2024ರಲ್ಲಿ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಂತೆ ಗಂಭೀರ ಅಪರಾಧ ಯಾವ ಸರಹದ್ದಿನಲ್ಲಿ ನಡೆದಿದ್ದರೂ ದೂರು ಬರೆದುಕೊಳ್ಳಬೇಕು. ಎಫ್.ಐ.ಆರ್. ಆದರೆ ಅದರ ಪ್ರತಿಯನ್ನು ದುಡ್ಡಿಲ್ಲದೆ ಕೊಡಬೇಕು. ಗಂಡ ಹೆಂಡತಿ ವಿಚಾರದಲ್ಲಿ ಮೊದಲು ಸ್ವಲ್ಪ ವಿಚಾರಣೆ ಮಾಡಿ ಆಮೇಲೆ ಎಫ್.ಐ.ಆರ್. ಮಾಡುವುದುಂಟು. ಹಾಗಾದರೂ ಅರ್ಜಿ ತೆಗೆದುಕೊಂಡಿದ್ದಕ್ಕೆ ಸ್ವೀಕೃತಿ ಕೊಡಲಿ, ಆಗುವುದಿಲ್ಲ ಎಂದರೆ ಹಿಂಬರಹ ಕೊಡಲಿ. ಬಾಯಿಮಾತಿನ ‘ನಾಳೆ ಬಾ’ ತೆಗೆದುಕೊಂಡು ಏಳಬಾರದು. ದೂರು ತೆಗೆದುಕೊಳ್ಳಲೇ ಇಲ್ಲವೆಂದರೆ ಅದನ್ನೇ ಬರೆದು ಮಂಡ್ಯದ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳಿಗೆ ಅಂಚೆಯಲ್ಲಿ ಕಳಿಸಬೇಕು.

ಇಲ್ಲಿ ತವರಿನವರಿಗೆ ಇನ್ನೊಂದು ಭಯ ಇರುತ್ತದೆ. ‘ನಾವೂ ವರದಕ್ಷಿಣೆ ಕೊಟ್ಟಿದ್ದೀವಲ್ಲ, ನಮ್ಮನ್ನೂ ಒಳಗೆ ಹಾಕ್ತಾರೆ’ ಎಂದು. ಗಂಡಿನ ಕಡೆಯವರೂ ಹೀಗೆಯೇ ಹೆದರಿಸುತ್ತಾರೆ. ನೊಂದವರು ಕೊಟ್ಟ ಹೇಳಿಕೆಯ ಕಾರಣಕ್ಕೆ ಅವರ ಮೇಲೆ ವರದಕ್ಷಿಣೆ ಕಾಯ್ದೆಯಲ್ಲಿ ಕೇಸು ಹಾಕುವಂತಿಲ್ಲ ಎಂದು ಆ ಕಾಯ್ದೆಯ 7ನೇ ಕಲಮಿನಲ್ಲೇ ಇದೆ. ಕೊಟ್ಟಿರುವ ಒಡವೆ ವಸ್ತು ಹೆಣ್ಣಿಗೇ ಸೇರಬೇಕು ಎಂದು 6ನೇ ಕಲಮು ಹೇಳುತ್ತದೆ. ಈ ಎರಡು ಮಾತು ತಿಳಿದ ಒಬ್ಬಳು ಪಕ್ಕದಲ್ಲಿ ಕೂತಿದ್ದರೆ ಎಷ್ಟೋ ತಂದೆತಾಯಿ ಮಗಳನ್ನು ವಾಪಸು ಕಳಿಸುವುದಿಲ್ಲ.

ಮೂರನೆಯದು ಸಂರಕ್ಷಣಾಧಿಕಾರಿಯ ಕಛೇರಿ. ಅಲ್ಲಿ ‘ಡಿ.ಐ.ಆರ್.’ ಎಂಬ ವರದಿ ಬರೆಸಬೇಕು. ಯಾವಾಗಿನಿಂದ, ಯಾರು, ಹೇಗೆ ಹಿಂಸೆ ಕೊಟ್ಟರು ಎಂಬುದು ಅದರಲ್ಲಿ ಇರುತ್ತದೆ. ಅದರೊಂದಿಗೆ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕಬಹುದು. ಆಕೆ ಈಗ ಎಲ್ಲಿ ವಾಸವಿದ್ದಾಳೋ, ಅದು ನಾಲ್ಕು ದಿನದ ವಾಸವೇ ಆದರೂ, ಅಲ್ಲಿನ ನ್ಯಾಯಾಲಯದಲ್ಲೇ ಅರ್ಜಿ ಹಾಕಬಹುದು. ನಾನು ಮೊದಲು ಹೇಳಿದ ಹೆಣ್ಣುಮಗಳಿಗೆ ಮಂಡ್ಯದವರೆಗೆ ಹೋಗುವ ಅಗತ್ಯವೇ ಇರಲಿಲ್ಲ, ಮಳವಳ್ಳಿಯಲ್ಲೇ ಆಗುತ್ತಿತ್ತು. ಅರ್ಜಿ ಬಂದ ಮೂರು ದಿನದೊಳಗೆ ಮೊದಲ ವಿಚಾರಣೆಯ ದಿನ ಕೊಡಬೇಕು, 60 ದಿನದಲ್ಲಿ ಮುಗಿಸಲು ಪ್ರಯತ್ನಿಸಬೇಕು ಎಂದು ಕಾಯ್ದೆ ಹೇಳುತ್ತದೆ. ವಾಯಿದೆಯ ಮೇಲೆ ವಾಯಿದೆ ಬೀಳುವುದು ನಮಗೂ ಗೊತ್ತು. ಅದಕ್ಕೇ ಪೂರ್ತಿ ತೀರ್ಪು ಬರುವ ಮುಂಚೆಯೇ ಮಧ್ಯಂತರ ಆದೇಶ ಕೇಳಬೇಕೆಂದು ವಕೀಲರಿಗೆ ನೆನಪಿಸಬೇಕು.

ಇಷ್ಟೆಲ್ಲ ಮಾಡುವಾಗಲೂ ಜೊತೆಗಾತಿ ಗೋಡೆಯ ಮೇಲಿನ ಬೋರ್ಡನ್ನು ನಂಬಿ ಕೂರಬಾರದು. ರಾಜ್ಯ ಸರ್ಕಾರ 2000-01ರಲ್ಲಿ ಶುರು ಮಾಡಿದ ಸಾಂತ್ವನ ಕೇಂದ್ರ ನಿಮ್ಮ ತಾಲೂಕಿನಲ್ಲಿ ಈಗ ನಡೆಯುತ್ತಿದೆಯೇ? ಸಖಿ ಕೇಂದ್ರದ ಬಾಗಿಲು ರಾತ್ರಿ ತೆಗೆಯುತ್ತಾರೆಯೇ? ಉಚಿತ ವಕೀಲರ ಅರ್ಜಿ ಯಾವ ಕೊಠಡಿಯಲ್ಲಿ ಕೊಡುತ್ತಾರೆ? ಯಾರಿಗೂ ತೊಂದರೆ ಇಲ್ಲದ ಒಂದು ದಿನ ಹೋಗಿ ಕಣ್ಣಾರೆ ನೋಡಿ, ಮಾತಾಡಿಸಿ ಬರಬೇಕು. ಹೊತ್ತು ಮೀರಿದ ರಾತ್ರಿಯಲ್ಲಿ ಹುಡುಕುವುದಕ್ಕೆ ಆಗುವುದಿಲ್ಲ. 112, 181, ಕಾನೂನು ನೆರವಿನ 15100, ಮಕ್ಕಳಿಗಾಗಿ 1098, ಈ ಅಂಕೆಗಳು ಬಾಯಿಪಾಠವಾಗಿರಬೇಕು.

ಜೊತೆಗಾತಿ ಮಾಡಬಾರದ್ದು

ಮಾಡಬೇಕಾದ್ದಕ್ಕಿಂತ ಮಾಡಬಾರದ್ದು ಮುಖ್ಯ. ನಮ್ಮ ಕಡೆ ನಾಲ್ಕು ಜನ ಸೇರಿದ ಕೂಡಲೇ ಪಂಚಾಯ್ತಿ ಶುರುವಾಗುತ್ತದೆ. ‘ಹೊಂದಿಕೊಂಡು ಹೋಗವ್ವ, ಮಕ್ಕಳ ಮುಖ ನೋಡು’ ಎನ್ನುವವರು ಒಂದು ಕಡೆ. ‘ಬಿಟ್ಟು ಬಾ ಅವನನ್ನ’ ಎನ್ನುವವರು ಇನ್ನೊಂದು ಕಡೆ. ಇಬ್ಬರೂ ಮಾಡುವುದು ಒಂದೇ. ಇಷ್ಟು ದಿನ ಗಂಡ, ಅತ್ತೆ, ಅಪ್ಪ ಅವಳ ಪರವಾಗಿ ತೀರ್ಮಾನ ಮಾಡಿದರು, ಈಗ ಸಂಘ ಮಾಡುತ್ತದೆ. ಜೊತೆಗಾತಿಯ ಕೆಲಸ ತೀರ್ಪು ಕೊಡುವುದಲ್ಲ. ‘ಹೀಗೆ ಮಾಡಿದರೆ ಹೀಗಾಗುತ್ತದೆ, ಹಾಗೆ ಮಾಡಿದರೆ ಹಾಗಾಗುತ್ತದೆ, ನೀನು ಏನು ಮಾಡಬೇಕು ಅಂತೀಯಾ?’ ಎಂದು ಕೇಳಿ, ಅವಳು ಹೇಳಿದ ಕಡೆಗೆ ನಡೆಯುವುದು. ಅರ್ಧ ದಾರಿಯಲ್ಲಿ ಅವಳು ಹಿಂತಿರುಗಿದರೆ ಬೈಯಬಾರದು. ಬೈಸಿಕೊಂಡವಳು ಮುಂದಿನ ಸಾರಿ ನಮ್ಮ ಬಾಗಿಲಿಗೂ ಬರುವುದಿಲ್ಲ.

ಕೇಳಿದ ಕಥೆಯನ್ನು ನಲ್ಲಿಯ ಹತ್ತಿರ ಹೇಳಬಾರದು. ಅವಳಿಂದ ಒಂದು ಪೈಸೆಯನ್ನೂ ತೆಗೆದುಕೊಳ್ಳಬಾರದು. ಗಂಡನ ಮನೆಯವರು ‘ಸ್ವಲ್ಪ ಸಮಾಧಾನ ಮಾಡಿಸಿ’ ಎಂದು ಕೊಡುವ ಕಾಫಿಯನ್ನೂ ಕುಡಿಯಬಾರದು. ಯಾವತ್ತೂ ಒಬ್ಬಳೇ ಹೋಗಬಾರದು, ಇಬ್ಬರೇ ಹೋಗಬೇಕು. ಹೋದ ದಿನ, ಮಾತಾಡಿಸಿದವರು, ಅವರು ಹೇಳಿದ ಮಾತನ್ನು ಅಂದೇ ಒಂದು ಪುಸ್ತಕದಲ್ಲಿ ಬರೆದು, ಆ ಪುಸ್ತಕವನ್ನು ಬೀಗದಲ್ಲಿ ಇಡಬೇಕು.

‘ಮನೆ ಮುರಿಯೋ ಹೆಂಗಸರು’ ಎಂಬ ಮಾತು ಬಂದೇ ಬರುತ್ತದೆ. ಕೈ ಮುರಿದಾಗ ಸುಮ್ಮನಿದ್ದ ಊರು, ಹೆಂಗಸು ಠಾಣೆಯ ಮೆಟ್ಟಿಲು ಹತ್ತಿದಾಗ ಮನೆ ಮುರಿಯಿತು ಎನ್ನುತ್ತದೆ. ಆ ಮಾತಿಗೆ ಒಬ್ಬಳೇ ಜೊತೆಗಾತಿ ಉತ್ತರ ಕೊಡಲಾರಳು, ಸಂಘವೇ ಕೊಡಬೇಕು. ನಮ್ಮ ಅಂಗನವಾಡಿ ಕಾರ್ಯಕರ್ತೆಯರು, ಆಶಾ ಕಾರ್ಯಕರ್ತೆಯರು ಈ ಕೆಲಸವನ್ನು ಹೆಸರಿಲ್ಲದೆ ಎಷ್ಟೋ ಸಾರಿ ಮಾಡಿದ್ದಾರೆ. ಅದೇ ಊರಲ್ಲಿ ಇದ್ದು, ಅದೇ ಜನರ ನಡುವೆ ಬಾಳಬೇಕಾದವರು ಅವರು. ಅವರ ಬೆನ್ನಿಗೆ ಸಂಘ ಇಲ್ಲದಿದ್ದರೆ ಅವರೂ ಎಷ್ಟು ದಿನ ಮಾತಾಡಿಯಾರು? ಹಿಂಸೆಯ ಬಗ್ಗೆ ಒಳ್ಳೆಯ ಮನಸ್ಸಿನಿಂದ ಸಂರಕ್ಷಣಾಧಿಕಾರಿಗೆ ತಿಳಿಸಿದವರ ಮೇಲೆ ಯಾವ ಹೊಣೆಯೂ ಬರುವುದಿಲ್ಲ ಎಂದು ಕಾಯ್ದೆಯ 4ನೇ ಕಲಮು ಹೇಳುತ್ತದೆ. ಆದರೆ ಊರಿನ ಬಾಯಿಂದ ಕಾಯುವುದು ಕಲಮಲ್ಲ, ಸಂಘಟನೆ.

ಖರ್ಚು ಯಾರದು?

ಬಸ್ಸು ಪುಕ್ಕಟೆ ಆಗಿರಬಹುದು. ಒಂದು ದಿನದ ಕೂಲಿ ಪುಕ್ಕಟೆ ಅಲ್ಲ. ನಾಟಿಯ ಕಾಲದಲ್ಲಿ ಒಬ್ಬಳು ಗದ್ದೆ ಬಿಟ್ಟು ಇನ್ನೊಬ್ಬಳ ಜೊತೆ ಮಳವಳ್ಳಿಗೋ ಮಂಡ್ಯಕ್ಕೋ ಹೋದರೆ ಅವಳ ಮನೆಯ ಒಲೆ ಹೇಗೆ ಉರಿಯಬೇಕು? ಹೆಂಗಸರು ಮಾಡುವ ಕೆಲಸವೆಂದರೆ ‘ಸೇವೆ’ ಎಂದು ಹೇಳಿ ಬಿಟ್ಟಿ ಮಾಡಿಸುವುದನ್ನು ನಾವೇ ಮುಂದುವರಿಸಬಾರದು. ಕಾನೂನು ಸೇವಾ ಪ್ರಾಧಿಕಾರದಲ್ಲಿ 2009ರಿಂದ ಅರೆ ಕಾನೂನು ಸ್ವಯಂಸೇವಕರ ಯೋಜನೆ ಇದೆ. ತರಬೇತಿ ಕೊಟ್ಟು, ಕೆಲಸ ಮಾಡಿದ ದಿನಕ್ಕೆ ಗೌರವಧನ ಕೊಡುತ್ತಾರೆ. ಸಂಘದ ಹೆಂಗಸರು ಆ ಪಟ್ಟಿಗೆ ಹೆಚ್ಚಾಗಿ ಸೇರಬೇಕು. ಅದು ಆಗುವವರೆಗೆ ನಮ್ಮ ಉಳಿತಾಯದ ಬಡ್ಡಿಯಲ್ಲಿ ಒಂದು ಪಾಲನ್ನು ಜೊತೆಗಾತಿಯ ಕೂಲಿಗೆ, ಊಟಕ್ಕೆ, ಜೆರಾಕ್ಸಿಗೆ ಎಂದು ನಡಾವಳಿ ಪುಸ್ತಕದಲ್ಲಿ ಬರೆದು ತೆಗೆದಿಡೋಣ. ಹಸುವಿಗೆಂದು ಸಾಲ ತೆಗೆದು ಮಗಳ ಮದುವೆಯ ಸರಕ್ಕೆ ಸುರಿದದ್ದನ್ನು ಕಂಡೂ ಕಾಣದಂತೆ ಸಹಿ ಹಾಕಿದ ಸಂಘಗಳು ನಮ್ಮವು. ಆ ಮಗಳು ಅಳುತ್ತ ಬಂದ ದಿನಕ್ಕೂ ನಮ್ಮ ಲೆಕ್ಕದಲ್ಲಿ ಒಂದು ಸಾಲು ಇರಲಿ.

ಸರ್ಕಾರದ ಹೊಣೆಯನ್ನು ನಾವು ಹೊತ್ತುಕೊಂಡು ಅವರನ್ನು ಬಿಟ್ಟುಬಿಡೋಣ ಎಂದು ನಾನು ಹೇಳುತ್ತಿಲ್ಲ. ಹತ್ತಾರು ಕೆಲಸದ ನಡುವೆ ಸಂರಕ್ಷಣಾಧಿಕಾರಿಯ ಕೆಲಸವನ್ನೂ ಒಬ್ಬರ ತಲೆಗೆ ಕಟ್ಟುವ ಬದಲು ಇದಕ್ಕಾಗಿಯೇ ಅಧಿಕಾರಿಗಳನ್ನು ಕೊಡಿ ಎಂದು ಕೇಳುತ್ತಲೇ ಇರಬೇಕು. ಹಾಗೆ ಕೇಳಲು ನಮ್ಮ ಕೈಯಲ್ಲಿ ಆಧಾರ ಬೇಕು. ಯಾವ ದಿನ, ಯಾವ ಬಾಗಿಲಲ್ಲಿ, ಏನು ಹೇಳಿ ಕಳಿಸಿದರು ಎಂದು ಜೊತೆಗಾತಿಯರು ಬರೆದಿಟ್ಟ ಪುಸ್ತಕವೇ ನಾಳೆ ಆ ಆಧಾರ.

ಆ ಹೆಣ್ಣುಮಗಳು ಆರು ತಿಂಗಳ ಮೇಲೆ ಮತ್ತೆ ತವರಿಗೆ ಬಂದಳು. ಈ ಸಾರಿ ಸಂಘದ ಇಬ್ಬರು ಜೊತೆಗೆ ಹೋದರು. ಅದೇ ಠಾಣೆ, ಅದೇ ಮೇಜು. ‘ಇದು ನಮಗೆ ಬರಲ್ಲ’ ಎಂದಾಗ ಒಬ್ಬಾಕೆ ‘ಹಂಗಂತ ಬರ್ಕೊಡಿ ಸಾರ್, ನಾವು ಹೊರಗೆ ಕೂತಿರ್ತೀವಿ’ ಎಂದಳಂತೆ. ಮಧ್ಯಾಹ್ನದ ಹೊತ್ತಿಗೆ ಸ್ವೀಕೃತಿ ಕೈಗೆ ಬಂತು. ಮಳವಳ್ಳಿಯ ನ್ಯಾಯಾಲಯದಲ್ಲಿ ಉಚಿತ ವಕೀಲರ ಮೂಲಕ ಅರ್ಜಿಯೂ ಹೋಯಿತು. ಕೇಸು ಇನ್ನೂ ನಡೆಯುತ್ತಿದೆ, ಗೆದ್ದಳೆಂದು ಹೇಳಲಾರೆ. ಆದರೆ ‘ಏಟೇ ವಾಸಿ’ ಎಂಬ ಮಾತನ್ನು ಅವಳು ಮತ್ತೆ ಆಡಿಲ್ಲ.

ಮುಂದಿನ ಸಭೆಯಲ್ಲಿ ಉಳಿತಾಯದ ಲೆಕ್ಕ ತೆಗೆಯುವ ಮುಂಚೆ ಒಂದು ಪ್ರಶ್ನೆ ಕೇಳೋಣ: ನಮ್ಮಲ್ಲಿ ಜೊತೆಗೆ ಹೋಗುವವರು ಯಾರು? ಎರಡು ಕೈ ಮೇಲೇಳುವ ತನಕ ಸಭೆ ಮುಗಿಸುವುದು ಬೇಡ.